ತಕ್ಕಡಿ ಅಕ್ಕನ ಮೂವತ್ತು ಗ್ರಾಂ

ಆ ವಾರ್ಡಿನಲ್ಲಿ ಯಾರಾದರೂ "ಸುಮಾರು" ಎಂದರೆ ತಕ್ಕಡಿ ಅಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು. "ಸುಮಾರು ಅಂದ್ರೆ ಎಷ್ಟು? ಹೇಳಿ, ಬರ್ಕೋತೀನಿ" ಎಂದು ಪೆನ್ನು ಹಿಡಿದು ನಿಂತುಬಿಡುತ್ತಿದ್ದರು. ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳ ವಾರ್ಡು ಅದು. ಅವರು ಅಲ್ಲಿಯ ಹಿರಿಯ ನರ್ಸು. ಕುಳ್ಳಗೆ, ದುಂಡಗೆ, ಕೋಪ ಮಾತ್ರ ಸದಾ ಮೂಗಿನ ತುದಿಯಲ್ಲಿ. ಬೆಳಗ್ಗೆ ಬಂದವರೇ ತಕ್ಕಡಿಯ ಮೇಲೆ ಒಂದು ಕೇಜಿ ಬಟ್ಟು ಇಟ್ಟು ನೋಡುವರು. ಅಂಕಿ ಸರಿ ಬಂದ ಮೇಲೆಯೇ ತಾಯಂದಿರಾದ ನಮ್ಮತ್ತ ತಿರುಗಿ ನಗುವುದು. ಮನೆಯಲ್ಲಿ ಉಪ್ಪನ್ನೂ ತೂಗಿಯೇ ಹಾಕುತ್ತಾರಂತೆ. "ನನ್ನನ್ನೂ ತೂಗಿ ನೋಡಿಯೇ ಒಪ್ಪಿದ್ದು" ಎಂದು ಅವರ ಯಜಮಾನರು ತಮಾಷೆ ಮಾಡುತ್ತಾರೆಂದು ಅವರೇ ಹೇಳಿಕೊಂಡು ನಕ್ಕಿದ್ದರು.

ನನ್ನ ಮಗಳು ಹುಟ್ಟಿದಾಗ ಅಂಗೈ ಅಗಲ ಇದ್ದಳು. ಮೂಗಿನಿಂದ ಹೊಟ್ಟೆಯವರೆಗೆ ಒಂದು ಸಣ್ಣ ನಳಿಕೆ. ಅದು ಜಾರದಂತೆ ಅರ್ಧ ಮುಖಕ್ಕೆ ಪ್ಲಾಸ್ಟರ್. ಹಿಂಡಿ ತೆಗೆದ ಹಾಲನ್ನು ಸಿರಿಂಜಿನಲ್ಲಿ ಅಳೆದು ಆ ನಳಿಕೆಗೆ ಬಿಡುತ್ತಿದ್ದರು. ಕೆಲವು ವಾರ ಕಳೆದ ಮೇಲೆ ಅವಳು ಎದೆಗೆ ಬಾಯಿ ಹಾಕಿದಳು. ಡಾಕ್ಟರಮ್ಮ ಒಂದು ಷರತ್ತು ಹಾಕಿದರು: ಒಂದು ಇಡೀ ದಿನ ಪ್ರತಿ ಸಲವೂ ಮೂವತ್ತು ಎಂಎಲ್‌ಗೆ ಕಡಿಮೆಯಾಗದಂತೆ ತಾನೇ ಕುಡಿದರೆ ನಳಿಕೆ ತೆಗೆದು ಮನೆಗೆ ಕಳಿಸುವುದು, ಇಲ್ಲವಾದರೆ ಮತ್ತೆ ನಳಿಕೆಯೇ ಗತಿ.

"ಅವಳೆಷ್ಟು ಕುಡಿದಳು ಅಂತ ನಿಮಗೆ ಹೇಗೆ ಗೊತ್ತಾಗತ್ತೆ?" ಎಂದು ಅಕ್ಕನನ್ನು ಕೇಳಿದ್ದೆ.

"ಸಿರಿಂಜಿಗೆ ಗೆರೆ ಇದೆ. ಎದೆಗೆ ಗೆರೆ ಇದೆಯಾ? ಕುಡಿಯೋಕೆ ಮುಂಚೆ ಮಗೂನ ಸೊಂಟದ ಬಟ್ಟೆ ಸಮೇತ ತೂಗ್ತೀನಿ, ಕುಡಿದ ಮೇಲೆ ಹಾಗೇ ತೂಗ್ತೀನಿ. ಒಂದು ಗ್ರಾಂ ಜಾಸ್ತಿ ಆದ್ರೆ ಹೆಚ್ಚುಕಮ್ಮಿ ಒಂದು ಎಂಎಲ್ ಹಾಲು ಒಳಗೆ ಹೋಯ್ತು ಅಂತ ಲೆಕ್ಕ" ಎಂದರು. ಆಮೇಲೆ ದನಿ ತಗ್ಗಿಸಿ, "ನಾನು ಅವಳಿ. ನನ್ನ ಜೊತೆ ಹುಟ್ಟಿದವನು ಕುಡೀತಾ ಇದಾನೆ ಅಂತಾನೇ ಎಲ್ಲರೂ ಅಂದ್ಕೊಂಡಿದ್ರಂತೆ. ಯಾರೂ ತೂಗಿ ನೋಡ್ಲಿಲ್ಲ" ಎಂದರು. ಅಲ್ಲಿಗೆ ಅವರ ಕೋಪದ ಮೇಲೆ ನನಗಿದ್ದ ಸಿಟ್ಟು ಇಳಿದುಹೋಯಿತು.

ಪರೀಕ್ಷೆಯ ದಿನ ಪ್ರತಿ ಸಲವೂ ಗುರಿ ಮುಟ್ಟಿದಳು. ಇನ್ನೊಂದೇ ಬಾಕಿ. ತೂಗಿದರು, ನಾನು ಕುಡಿಸಿದೆ, ಅವಳು ಗಟಗಟ ಕುಡಿದಂತೆಯೇ ಇತ್ತು. ಅಕ್ಕ ಬೇರೊಂದು ತೊಟ್ಟಿಲಿನ ಕಡೆ ಹೋಗಿ ಬಂದು ಮತ್ತೆ ತೂಗಿದರು.

"ಒಂಬತ್ತು ಗ್ರಾಂ" ಎಂದರು.

ಒಂಬತ್ತು! ನನ್ನಲ್ಲಿ ಹಾಲೇ ಇಲ್ಲ, ನಾನು ಯಾವ ಸೀಮೆ ತಾಯಿ ಎಂದು ಅಲ್ಲೇ ಅಳತೊಡಗಿದೆ. ನನ್ನ ಗಂಡ ಗೋಡೆಗಂಟಿ ನಿಂತಿದ್ದ.

ಅಕ್ಕ ಮಾತ್ರ ಅಂಕಿಯನ್ನೇ ದಿಟ್ಟಿಸುತ್ತಿದ್ದರು. ತಕ್ಕಡಿಯನ್ನು ನಂಬಬೇಕೋ ಮಗುವನ್ನು ನಂಬಬೇಕೋ ಎಂಬ ಯೋಚನೆ ಮುಖದಲ್ಲಿ ಕಾಣುತ್ತಿತ್ತು. ಮಗು ಬಾಯಿ ಅರೆತೆರೆದು ಸುಖವಾಗಿ ನಿದ್ದೆ ಹೋಗಿತ್ತು. ಅಕ್ಕ ಅದರ ಸೊಂಟದ ಬಟ್ಟೆ ಮುಟ್ಟಿ ನೋಡಿದರು.

"ಇಷ್ಟು ಹೊತ್ತಾದ್ರೂ ಒದ್ದೆ ಮಾಡಿಲ್ವಾ ಇದು?"

"ಮಾಡಿತ್ತಲ್ಲ! ಎರಡೂ ಮಾಡಿತ್ತು" ಎಂದ ನನ್ನ ಗಂಡ, ಮುಖ ಸ್ವಲ್ಪ ಅರಳಿಸಿ. "ಇವಳು ಬೆನ್ನು ತಟ್ಟೋಕೆ ಅಂತ ಕೊಟ್ಟಾಗ ನಾನೇ ಬದಲಾಯಿಸಿದೆ. ಒಂದು ನಿಮಿಷಾನೂ ಒದ್ದೇಲಿ ಬಿಡಬೇಡ ಅಂತ ನಿನ್ನೆ ನೀವೇ ಬೈದಿದ್ರಲ್ಲ."

ಅಕ್ಕ ಹಣೆ ಚಚ್ಚಿಕೊಂಡರು. ಬೈಯಲು ಇಷ್ಟು ಒಳ್ಳೆಯ ಅವಕಾಶ ಕೈತಪ್ಪಿದ್ದು ಅವರಿಗೆ ಅದೇ ಮೊದಲಿರಬೇಕು.

"ಅಯ್ಯೋ ಮಾರಾಯ, ಮಗು ಕುಡಿದಿದ್ದನ್ನ ತೂಗೋ ಹೊತ್ತಲ್ಲಿ ಅದು ಹೊರಗೆ ಬಿಟ್ಟಿದ್ದನ್ನ ಎತ್ಕೊಂಡು ಹೋದ್ರೆ ಲೆಕ್ಕ ಎಲ್ಲಿಂದ ಬರಬೇಕು? ಬಟ್ಟೆ ಎಲ್ಲಿ?"

ಬಟ್ಟೆ ಮೂಲೆಯ ಬಕೆಟ್ಟಿನಲ್ಲಿತ್ತು, ಹತ್ತಾರು ಮಕ್ಕಳ ಬಟ್ಟೆಗಳ ಜೊತೆ. ಎಲ್ಲವೂ ಆಸ್ಪತ್ರೆಯದೇ, ಎಲ್ಲವೂ ಬಿಳಿ. ನಮ್ಮದು ಯಾವುದೆಂದು ಗುರುತಿಸುವುದು ಹೇಗೆ? ಅಕ್ಕ ಕೈಗವಸು ಹಾಕಿಕೊಂಡು ಬಗ್ಗಿದವರು ಹಾಗೇ ನಿಂತರು.

"ಯಾರ್ರೀ ಇದು, ಕೊಳೆ ಬಟ್ಟೇನ ಮೂಲೆಗೆ ಮೂಲೆ ಸೇರಿಸಿ ಮಡಚಿಟ್ಟಿರೋರು?"

ನನ್ನ ಗಂಡ ಇಸ್ತ್ರಿ ಅಂಗಡಿಯವನು. ಅವನ ಕೈಗೆ ಸಿಕ್ಕ ಬಟ್ಟೆ ಮಡಿಕೆಯಾಗದೆ ಕೆಳಗೆ ಇಳಿಯುವುದಿಲ್ಲ. ಈ ಚಾಳಿಗೆ ಅವನನ್ನು ಎಷ್ಟು ಸಲ ಆಡಿಕೊಂಡಿದ್ದೆನೋ, ಆ ಗಳಿಗೆಯಲ್ಲಿ ಅವನನ್ನು ಎತ್ತಿ ಮುದ್ದಾಡುವಷ್ಟು ಪ್ರೀತಿ ಬಂತು.

ಅಕ್ಕ ಒಂದು ಖಾಲಿ ಪ್ಲಾಸ್ಟಿಕ್ ಚೀಲವನ್ನು ತಕ್ಕಡಿಯ ಮೇಲಿಟ್ಟು ಅಂಕಿಯನ್ನು ಸೊನ್ನೆಗೆ ತಂದರು. ಹೊಸ ಬಟ್ಟೆ ಬಿಚ್ಚಿ ಮಗುವನ್ನು ಬರಿಮೈಯಲ್ಲಿ ಮಲಗಿಸಿ, ಹಳೆಯ ಬಟ್ಟೆಯನ್ನು ಅದೇ ಚೀಲದೊಳಗೆ ಹಾಕಿ ಕಾಲಬುಡದಲ್ಲಿಟ್ಟರು. "ಮೈಮೇಲಿದ್ರೇನು, ಪಕ್ಕದಲ್ಲಿದ್ರೇನು? ತೂಕ ಒಂದೇ" ಎಂದು ತಮಗೆ ತಾವೇ ಹೇಳಿಕೊಂಡರು. ಅಂಕಿ ಓಡಿತು, ತಡವರಿಸಿತು, ನಿಂತಿತು. ಅದರಿಂದ ಕುಡಿಯುವ ಮೊದಲಿನ ತೂಕ ಕಳೆದರು. ಸರಿಯಿದೆಯೇ ಎಂದು ಇನ್ನೊಮ್ಮೆ ಕಳೆದರು.

"ಮೂವತ್ನಾಲ್ಕು" ಎಂದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. "ಕಳ್ಳಿ, ಹೊಟ್ಟೆ ತುಂಬ ಕುಡಿದಿದಾಳೆ ಕಣೆ."

ಡಾಕ್ಟರಮ್ಮ ಬಂದು ಎಲ್ಲ ಕೇಳಿ ನಕ್ಕರು. ನಳಿಕೆ ತೆಗೆಯಲು ಅಕ್ಕನಿಗೇ ಹೇಳಿದರು. ಪ್ಲಾಸ್ಟರನ್ನು ಹನಿಹನಿ ಎಣ್ಣೆ ಹಾಕಿ ನೆನೆಸಿ ಅವರು ಬಿಡಿಸಿದರು. ಮಗಳು ಮುಖ ಕಿವುಚಿ ಒಮ್ಮೆ ಸೀನಿದಳು. ಹುಟ್ಟಿದಾಗಿನಿಂದ ಅವಳ ಮುಖವನ್ನು ನಾನು ಪೂರ್ತಿ ನೋಡಿಯೇ ಇರಲಿಲ್ಲ. ಈಗ ನೋಡಿದೆ. ಮೂಗು ಅಪ್ಪನದು, ಸಾಕ್ಷಾತ್ ಅದೇ ಮೊಂಡು ಮೂಗು.

"ಅಯ್ಯೋ, ನನ್ನ ಮೂಗು!" ಎಂದು ನನ್ನ ಗಂಡ ಗೋಳೋ ಎಂದು ಅತ್ತುಬಿಟ್ಟ.