ಬಿಳಿ ಚುಕ್ಕೆ, ಹಳದಿ ಚುಕ್ಕೆ

ನಮ್ಮ ಊರಿನ ಮೆಮರಿ ಚಿಪ್ ಕಾರ್ಖಾನೆ ತನ್ನ ನಲವತ್ತನೆಯ ವರ್ಷಕ್ಕೆ ಒಂದು ಚರಿತ್ರೆ ಅಚ್ಚು ಹಾಕಿಸಿತು. ನೂರ ಎಂಬತ್ತು ಪುಟ, ನುಣುಪು ಕಾಗದ, ಪುಟಕ್ಕೊಂದು ಫೋಟೊ. ನಾನು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಹಾಗೆ ಓದಿದವರು ಇನ್ನೊಬ್ಬರು ಸಿಕ್ಕಿಲ್ಲ. ಅದರ ಮೂವತ್ತೊಂದನೆಯ ಪುಟದಲ್ಲಿ ಒಂದು ವಾಕ್ಯವಿದೆ: ‘ಐದನೆಯ ವರ್ಷದಲ್ಲಿ ಗುರುತು ಹಾಕುವಾಗ ಆದ ಸಣ್ಣ ತಪ್ಪನ್ನು ಕೂಡಲೇ ಸರಿಪಡಿಸಲಾಯಿತು.’ ತಪ್ಪು ಸಣ್ಣದಾಗಿರಲಿಲ್ಲ, ಸರಿಪಡಿಸಿದ್ದೂ ಕೂಡಲೇ ಅಲ್ಲ. ಸರಿಪಡಿಸಿದ ಹೆಂಗಸು ಮೂವತ್ತು ವರ್ಷ ನನ್ನ ಪಕ್ಕದ ಮನೆಯಲ್ಲಿದ್ದರು. ಪುಸ್ತಕ ಬರೆದವರು ಅವರನ್ನು ಕೇಳಲಿಲ್ಲ. ನಾನು ಕೇಳಿದ್ದೇನೆ.

ಕಾರ್ಖಾನೆ ಶುರುವಾದದ್ದು ಮುಚ್ಚಿಹೋಗಿದ್ದ ಚಪ್ಪಲಿ ಗೋದಾಮಿನಲ್ಲಿ, ಹತ್ತೊಂಬತ್ತು ಜನರಿಂದ. ಮಾಲೀಕರು ಬೇರೆಯವರ ಪ್ರಯೋಗಾಲಯದಲ್ಲಿ ಹದಿನೈದು ವರ್ಷ ದುಡಿದು ಬಂದ ಇಂಜಿನಿಯರ್, ಮಾತು ಕಡಿಮೆ. ಕಂಪ್ಯೂಟರಿಗೆ ತಾನು ಮಾಡುತ್ತಿರುವ ಕೆಲಸ ನೆನಪಿರಬೇಕಾದರೆ ಬೇಕಾಗುವ ಚಿಪ್ ಅವರ ಸರಕು. ಆಗಿನ ಒಂದು ಚಿಪ್ಪಿನಲ್ಲಿ ಹಿಡಿಯುತ್ತಿದ್ದದ್ದು ಅಚ್ಚಾದ ಪುಸ್ತಕದ ಒಂದು ಪುಟದಷ್ಟು ಅಕ್ಷರ. ಆ ಒಂದು ಪುಟವನ್ನೂ ನೆಟ್ಟಗೆ ನೆನಪಿಟ್ಟುಕೊಳ್ಳುವ ಚಿಪ್ ಹತ್ತರಲ್ಲಿ ಎರಡು ಬಂದರೆ ಹೆಚ್ಚು. ಮೂರು ಯಾವ ಕೆಲಸಕ್ಕೂ ಬಾರದವು. ಉಳಿದ ಐದು ಅರೆಬರೆ: ಅರ್ಧ ಪುಟ ನೆನಪು, ಇನ್ನರ್ಧ ಮರೆವು.

ಮೊದಲ ವರ್ಷ ಅರೆಬರೆಯವನ್ನೆಲ್ಲ ಕಸದ ಡಬ್ಬಕ್ಕೆ ಸುರಿದರು. ಎರಡನೆಯ ವರ್ಷ ಕಾರ್ಖಾನೆಯೇ ಅದರ ಹಿಂದೆ ಹೋಗುವ ಹಾಗೆ ಕಂಡಿತು. ಆಗ ಮಾಲೀಕರು ಅರ್ಧ ಚಿಪ್ಪನ್ನು ಅರ್ಧ ಚಿಪ್ ಎಂದೇ ಹೇಳಿ ಮಾರಲು ಹೊರಟರು. ಅಂಗಡಿಗಳಿಗೆ ಬಿಲ್ ಹಾಕುವ ಯಂತ್ರ ತಯಾರಿಸುವ ಒಂದು ಕಂಪನಿ ಕೊಂಡಿತು. ಆ ಯಂತ್ರಕ್ಕೆ ಅರ್ಧ ಪುಟ ಸಾಕಾಗಿತ್ತು. ಅವರದು ಒಂದೇ ಷರತ್ತು: ಮೇಲಿನ ಅರ್ಧ ಸರಿಯಿದೆಯೋ ಕೆಳಗಿನ ಅರ್ಧ ಸರಿಯಿದೆಯೋ ಗುರುತು ಮಾಡಿ, ಬೇರೆ ಬೇರೆ ಪೆಟ್ಟಿಗೆಯಲ್ಲಿ ಕಳಿಸಬೇಕು. ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿದರೆ ಯಂತ್ರ ಬಾಯಿಯನ್ನೇ ಬಿಡುತ್ತಿರಲಿಲ್ಲ.

ಆ ಗುರುತು ಹಾಕಲು ಸೇರಿಕೊಂಡವರೇ ನನ್ನ ನೆರೆಮನೆಯವರು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಗಂಡನ ತಂಗಿ ಅದೇ ಮನೆಯಲ್ಲಿದ್ದಳು, ಅತ್ತಿಗೆಯ ಬೆನ್ನಿಗೇ ಕಾರ್ಖಾನೆಗೂ ಸೇರಿದಳು. ಅವಳು ‘ಅತ್ತಿಗೆ, ಅತ್ತಿಗೆ’ ಎಂದು ಕೂಗುವುದನ್ನು ಕೇಳಿ ಗೋದಾಮಿನ ಎಲ್ಲರಿಗೂ ಅವರು ಅತ್ತಿಗೆಯಾದರು. ಕೆಲವೇ ದಿನಗಳಲ್ಲಿ ಚುಕ್ಕೆ ಅತ್ತಿಗೆಯಾದರು.

ಕೆಲಸ ಹೀಗಿತ್ತು. ಚಿಪ್ಪನ್ನು ಪರೀಕ್ಷಾ ಯಂತ್ರದ ಹಲ್ಲಿಗೆ ಸಿಕ್ಕಿಸಿದರೆ ಮೇಲೊಂದು ಕೆಳಗೊಂದು ದೀಪ ಹತ್ತಬೇಕು. ಎರಡೂ ಹತ್ತಿದರೆ ಪೂರಾ ಚಿಪ್. ಮೇಲಿನದು ಮಾತ್ರ ಹತ್ತಿದರೆ ಸಣ್ಣ ಕುಂಚದಿಂದ ಬಿಳಿ ಬಣ್ಣದ ಚುಕ್ಕೆ, ಕೆಳಗಿನದು ಮಾತ್ರ ಹತ್ತಿದರೆ ಹಳದಿ ಚುಕ್ಕೆ. ಅತ್ತಿಗೆ ಚುಕ್ಕೆ ಇಡುವುದು. ಪಕ್ಕದ ಮೇಜಿನಲ್ಲಿ ನಾದಿನಿ ಚುಕ್ಕೆ ನೋಡಿ ಬಿಳಿಯದೊಂದು ಟ್ರೇ, ಹಳದಿಯದೊಂದು ಟ್ರೇ ಮಾಡುವುದು. ದಿನಕ್ಕೆ ಎಂಟುನೂರು. ಆ ಅರ್ಧ ಚಿಪ್ಪುಗಳ ಮೇಲೆಯೇ ಕಾರ್ಖಾನೆ ಮೂರು ವರ್ಷ ಉಸಿರಾಡಿತು. ಐದನೆಯ ವರ್ಷ ಹೊಸ ಕಟ್ಟಡಕ್ಕೆ ಪಾಯ ತೋಡಿದರು. ಅಲ್ಲಿ ತಪಾಸಣೆ ವಿಭಾಗಕ್ಕೆ ಅತ್ತಿಗೆಯೇ ಮುಖ್ಯಸ್ಥೆ ಎಂದು ಮಾಲೀಕರು ಆಗಲೇ ಹೇಳಿದ್ದರು.

ಅದಕ್ಕೆ ಒಂದು ವರ್ಷ ಮುಂಚೆ, ಒಂದು ಭಾನುವಾರ, ನಾದಿನಿ ಒಗೆದು ಹಾಕಿದ ಬಿಳಿ ಹೊದಿಕೆ ನೋಡಿ ಅತ್ತಿಗೆ ಅವಳನ್ನು ತರಾಟೆಗೆ ತೆಗೆದುಕೊಂಡಿದ್ದರು.

‘ಇದೇನೇ ಒಗೆಯೋದು ಅಂದ್ರೆ? ಹಳದಿ ಹಾಗೇ ಇದೆ.’

‘ಎಲ್ಲಿ ಅತ್ತಿಗೆ ಹಳದಿ? ಹಾಲಿನ ಹಾಗಿದೆ. ತಪ್ಪು ಹುಡುಕಲೇಬೇಕು ಅಂತ ಕೂತಿದ್ರೆ ಬೇರೆ ಏನಾದ್ರೂ ಹುಡುಕಿ.’

ಅತ್ತಿಗೆ ಮರುದಿನ ಕಾರ್ಖಾನೆಯ ಮೇಜಿನ ಮುಂದೆ ಕೂತು ಬಣ್ಣದ ಎರಡೂ ಬಾಟಲಿಗಳನ್ನು ದೀಪದ ಹತ್ತಿರ ಹಿಡಿದು ನೋಡಿದರು. ಎರಡೂ ಒಂದೇ. ವಯಸ್ಸಿಗೆ ಮುಂಚೆಯೇ ಬಂದ ಕಣ್ಣಿನ ಪೊರೆ ಅದು. ಹಳದಿ ಗಾಜಿನ ಹಿಂದೆ ನಿಂತು ನೋಡಿದ ಹಾಗೆ. ಕಣ್ಣಿನ ಪರೀಕ್ಷೆಯಲ್ಲಿ ಸೋತವರನ್ನು ಕಾರ್ಖಾನೆ ಇಟ್ಟುಕೊಳ್ಳುತ್ತಿರಲಿಲ್ಲ. ಅವರು ಯಾರಿಗೂ ಹೇಳಲಿಲ್ಲ. ಬಿಳಿ ಎಡಕ್ಕೆ, ಹಳದಿ ಬಲಕ್ಕೆ. ಬಾಟಲಿ ಇಡುವ ಸ್ಟ್ಯಾಂಡಿನಲ್ಲಿ ಜಾಗ ಗೊತ್ತಿದ್ದರೆ ಬಣ್ಣ ಕಾಣಬೇಕೆಂದೇನಿಲ್ಲ. ಒಂದು ವರ್ಷ ಹಾಗೇ ನಡೆಸಿದರು, ಒಂದು ತಪ್ಪೂ ಇಲ್ಲದೆ.

ಬಾಟಲಿಗೆ ಬಣ್ಣ ತುಂಬುವುದು ನಾದಿನಿಯ ಕೆಲಸ. ಒಂದು ಸೋಮವಾರ ಉಗ್ರಾಣದಿಂದ ಹೊಸ ಸ್ಟ್ಯಾಂಡ್ ಬಂತು. ಅವಳು ಬಾಟಲಿಗಳನ್ನು ತುಂಬಿ, ಕೈಗೆ ಬಂದ ಹಾಗೆ ಅದರಲ್ಲಿಟ್ಟಳು. ಹಳದಿ ಎಡಕ್ಕೆ ಬಂತು, ಅಲ್ಲೇ ಉಳಿಯಿತು.

ಹದಿನೆಂಟು ದಿನದ ಮೇಲೆ ಬಿಲ್ ಯಂತ್ರದವರು ಪೆಟ್ಟಿಗೆಗಳನ್ನು ವಾಪಸು ಕಳಿಸಿದರು. ಒಂಬತ್ತು ಸಾವಿರ ಚಿಪ್. ಜೊತೆಗೊಂದು ಕಾಗದ: ನಾಲ್ಕು ದಿನದೊಳಗೆ ಸರಿಯಾದ ಸರಕು ಬರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ. ಕಾರ್ಖಾನೆಯಲ್ಲಿದ್ದದ್ದು ಒಂದೇ ಪರೀಕ್ಷಾ ಯಂತ್ರ. ಎಲ್ಲವನ್ನೂ ಮತ್ತೆ ಪರೀಕ್ಷೆ ಮಾಡಲು ಎರಡು ವಾರ ಬೇಕು. ಬಿಲ್ ಯಂತ್ರದವರು ಹೋದರೆ ಹೊಸ ಕಟ್ಟಡ ಪಾಯದಲ್ಲೇ ನಿಲ್ಲುತ್ತದೆಂದು ಎಲ್ಲರಿಗೂ ಗೊತ್ತಿತ್ತು.

ಮೇಲ್ವಿಚಾರಕ ಎಲ್ಲರ ಎದುರಿಗೆ ನಾದಿನಿಯನ್ನು ನಿಲ್ಲಿಸಿಕೊಂಡ. ಟ್ರೇಗಳನ್ನು ಅವಳೇ ಕಲಸಿದ್ದಾಳೆ ಎಂಬುದು ಅವನ ನಂಬಿಕೆ.

‘ನಾನ್ಯಾಕೆ ಕಲಸ್ಲಿ? ಬಿಳಿ ಇದ್ದಿದ್ದು ಬಿಳೀಗೆ, ಹಳದಿ ಇದ್ದಿದ್ದು ಹಳದೀಗೆ.’

‘ಬಾಟಲಿ ತುಂಬೋಳೂ ನೀನೇ ತಾನೆ? ಒಂದರೊಳಗೆ ಒಂದು ಸುರಿದಿರ್ತೀಯ.’

‘ಸ್ಟ್ಯಾಂಡಲ್ಲಿ ಆ ಕಡೇದು ಈ ಕಡೆ ಇಟ್ಟಿರಬಹುದು. ಇಟ್ರೆ ಏನಾಯ್ತು? ಅತ್ತಿಗೆಗೆ ಕಣ್ಣಿಲ್ವಾ?’

ಒಂದಿಬ್ಬರು ನಕ್ಕರು. ಅತ್ತಿಗೆ ತಲೆ ಎತ್ತಲಿಲ್ಲ. ಶನಿವಾರದಿಂದ ನಾದಿನಿ ಬರುವುದು ಬೇಡ ಎಂದು ಮೇಲ್ವಿಚಾರಕ ತೀರ್ಮಾನಿಸಿದ. ಪೆಟ್ಟಿಗೆಗಳನ್ನು ಒಡೆದು ಮರುಪರೀಕ್ಷೆ ಶುರುವಾಯಿತು.

ಅತ್ತಿಗೆಗೆ ವಿಷಯ ಅಲ್ಲೇ ತಿಳಿದಿತ್ತು. ಚಿಪ್ಪುಗಳು ಕಲಸಿಹೋಗಿಲ್ಲ, ಆ ಸೋಮವಾರದಿಂದ ಒಂದೊಂದೂ ತಿರುಗುಮುರುಗಾಗಿದೆ. ಹಾಗಿದ್ದರೆ ಪರೀಕ್ಷೆಯೇ ಬೇಕಿಲ್ಲ, ಬಿಳಿ ಪೆಟ್ಟಿಗೆಯ ಚೀಟಿ ಹಳದಿಗೆ, ಹಳದಿಯದು ಬಿಳಿಗೆ ಅಂಟಿಸಿದರೆ ಮುಗಿಯಿತು. ಆದರೆ ಒಂದೂ ತಪ್ಪದೆ ತಿರುಗುಮುರುಗಾಗಿದೆ ಎಂದು ನಂಬಿಸಬೇಕಾದರೆ, ಬಣ್ಣ ನೋಡದೆ ಜಾಗ ನೋಡಿ ಚುಕ್ಕೆ ಇಟ್ಟೆ ಎಂದು ಹೇಳಬೇಕು. ಹೇಳಿದರೆ ಕೆಲಸ ಹೋಗುತ್ತದೆ. ಸಂಜೆ ಮನೆಯಲ್ಲಿ ನಾದಿನಿ ಊಟಕ್ಕೆ ಏಳಲಿಲ್ಲ. ಗಂಡ ಇಬ್ಬರ ಮುಖವನ್ನೂ ನೋಡಿ, ಯಾರ ಪರ ವಹಿಸಿದರೂ ಕಷ್ಟವೆಂದು ತಟ್ಟೆ ತೊಳೆಯಲು ಎದ್ದುಹೋದರು. ಆ ದಿನ ಅತ್ತಿಗೆ ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ. ನಾಲ್ಕರಲ್ಲಿ ಎರಡು ದಿನ ಹಾಗೆ ಹೋದವು. ಇದನ್ನು ಅವರು ನನಗೆ ಎರಡು ಸಲ ಹೇಳಿದ್ದಾರೆ, ಬರೆಯುವಾಗ ಬಿಟ್ಟುಬಿಡಬಾರದೆಂದು.

ಮೂರನೆಯ ಬೆಳಿಗ್ಗೆ ಗಂಟೆ ಹೊಡೆಯುವ ಮೊದಲೇ ಮಾಲೀಕರ ಕೋಣೆಗೆ ಹೋದರು.

‘ಪರೀಕ್ಷೆ ನಿಲ್ಲಿಸಿ ಸಾರ್. ಚೀಟಿ ಅದಲುಬದಲು ಮಾಡಿದ್ರೆ ಸಾಕು. ಎಲ್ಲಾನೂ ಉಲ್ಟಾ ಆಗಿದೆ.’

‘ಎಲ್ಲಾನೂ ಅಂತ ಹೇಗೆ ಹೇಳ್ತೀರಿ? ಹದಿನೆಂಟು ದಿನದಲ್ಲಿ ಒಂದು ಸಲವಾದ್ರೂ ಬಾಟಲಿ ತಪ್ಪಿದೆ ಅಂತ ನಿಮಗೆ ಕಾಣಿಸಿರುತ್ತೆ.’

‘ಕಾಣಿಸಲ್ಲ ಸಾರ್. ನನಗೆ ಎರಡೂ ಒಂದೇ ಬಣ್ಣ.’

ಮಾಲೀಕರು ಮೇಲ್ವಿಚಾರಕನನ್ನು ಕರೆದು, ಆತ ಎರಡು ದಿನದಿಂದ ಬರೆದಿಟ್ಟ ಮರುಪರೀಕ್ಷೆಯ ಪಟ್ಟಿ ತರಿಸಿದರು. ಹದಿನಾರು ನೂರು ಚಿಪ್. ಒಂದೂ ಬಿಡದೆ ಎಲ್ಲವೂ ಉಲ್ಟಾ. ಮೇಲ್ವಿಚಾರಕ ಬರೆಯುತ್ತಾ ಹೋಗಿದ್ದ, ಓದಿರಲಿಲ್ಲ.

‘ಎಷ್ಟು ದಿನದಿಂದ ಹೀಗೆ?’

‘ವರ್ಷದ ಮೇಲಾಯ್ತು.’

‘ಮನೇಲಿ ಗೊತ್ತಾ?’

‘ಇಲ್ಲ. ಮನೇಲಿ ಗೊತ್ತಾಗಿದ್ರೆ ಅದೇ ದಿನ ಇಲ್ಲೂ ಗೊತ್ತಾಗ್ತಿತ್ತು. ನಮ್ಮ ನಾದಿನಿ ಬಾಯಲ್ಲಿ ಮಾತು ನಿಲ್ಲಲ್ಲ.’ ಆಮೇಲೆ ಸೇರಿಸಿದರು: ‘ಬಣ್ಣಾನೇ ಬೇಡ ಸಾರ್. ಮೇಲಿನ ಅರ್ಧಕ್ಕೆ ಒಂದು ಚುಕ್ಕೆ, ಕೆಳಗಿನದಕ್ಕೆ ಎರಡು. ಯಾರೂ ತಪ್ಪಲ್ಲ.’

‘ಇದನ್ನ ಒಂದು ವರ್ಷದ ಹಿಂದೇನೇ ಹೇಳಬಹುದಿತ್ತಲ್ಲ.’

‘ಹೇಳಿದ್ರೆ ಯಾಕೆ ಅಂತ ಕೇಳ್ತಿದ್ರಿ.’

ಮಾಲೀಕರು ಚೀಟಿ ಬದಲಿಸಲು ಮೇಲ್ವಿಚಾರಕನಿಗೆ ಹೇಳಿದರು.

ಮಧ್ಯಾಹ್ನದೊಳಗೆ ಚೀಟಿಗಳು ಬದಲಾದವು. ನಾಲ್ಕನೆಯ ದಿನ ಪೆಟ್ಟಿಗೆಗಳು ಬಿಲ್ ಯಂತ್ರದವರ ಬಾಗಿಲಲ್ಲಿದ್ದವು. ಅವರು ಉಳಿದರು, ಮುಂದಿನ ವರ್ಷ ಎರಡರಷ್ಟು ಕೊಂಡರು. ಹೊಸ ಕಟ್ಟಡ ಎದ್ದಿತು. ಅದರಲ್ಲಿ ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ಮುಚ್ಚಿಕೊಂಡು, ಧೂಳಿನ ಕಣವೂ ಇಲ್ಲದ ಕೋಣೆಯಲ್ಲಿ ಕೆಲಸ ಮಾಡಬೇಕಿತ್ತು. ಹತ್ತರಲ್ಲಿ ಎಂಟು ಚಿಪ್ ಪೂರಾ ಬರತೊಡಗಿದ ಮೇಲೆ ಅರ್ಧ ಚಿಪ್ಪಿನ ವ್ಯಾಪಾರ ನಿಂತಿತು. ಹತ್ತೊಂಬತ್ತು ಜನ ಮುನ್ನೂರಾದರು, ಆಮೇಲೆ ಎರಡು ಸಾವಿರದ ಆರುನೂರು. ಒಂದು ಪುಟ ಹಿಡಿಯುತ್ತಿದ್ದ ಚಿಪ್ ಒಂದು ಪುಸ್ತಕ ಹಿಡಿಯಿತು, ನಂತರ ಒಂದು ಕಪಾಟು, ಈಗ ನಮ್ಮ ಕಾಲೇಜಿನ ಗ್ರಂಥಾಲಯವನ್ನು ಪೂರ್ತಿ. ಚರಿತ್ರೆಯ ಪುಸ್ತಕದಲ್ಲಿ ಇವೆಲ್ಲ ವಿವರವಾಗಿವೆ.

ಅದರಲ್ಲಿಲ್ಲದ್ದು ಇಷ್ಟು. ನಾದಿನಿಯ ಕೆಲಸ ಉಳಿಯಿತು. ಮಾಲೀಕರು ಅತ್ತಿಗೆಯನ್ನೂ ತೆಗೆಯಲಿಲ್ಲ. ಕಣ್ಣಿನ ಶಸ್ತ್ರಚಿಕಿತ್ಸೆಗೆ ಎರಡು ತಿಂಗಳ ರಜೆ ಕೊಟ್ಟರು. ಆದರೆ ಹೊಸ ಕಟ್ಟಡದ ತಪಾಸಣೆ ವಿಭಾಗವನ್ನು ನಾದಿನಿಯ ಕೈಗೆ ಒಪ್ಪಿಸಿದರು. ಅತ್ತಿಗೆ ವಾಪಸು ಬಂದಾಗ ಅವರಿಗೆ ಸಿಕ್ಕಿದ್ದು ಅದೇ ವಿಭಾಗದ ಕೊನೆಯಲ್ಲಿ ಟ್ರೇ ಎಣಿಸುವ ಮೇಜು.

‘ಅತ್ತಿಗೆ, ಇಲ್ಲಿ ನಾನು ಹೇಳಿದ ಹಾಗೆ ಕೇಳಬೇಕು,’ ಎಂದಳು ನಾದಿನಿ.

‘ಮನೇಲಿ ಬೇರೆ ಏನು ನಡೀತಿದೆ?’ ಎಂದು ಅತ್ತಿಗೆ ಕೂತರು.

ಹದಿನಾಲ್ಕು ವರ್ಷ ಕೂತರು. ಪರೀಕ್ಷೆಯ ಮೇಜಿಗೆ ಹಾಕಿ ಎಂದು ಎರಡು ಸಲ ಅರ್ಜಿ ಕೊಟ್ಟರು. ಮೊದಲ ಸಲ ಬೇಡವೆಂದವರು ಮಾಲೀಕರು. ಎರಡನೆಯ ಸಲ ಅರ್ಜಿ ನಾದಿನಿಯ ಮುಂದೆಯೇ ಬಂತು. ಅವಳು ಅದನ್ನು ಕಚೇರಿಯಲ್ಲಿ ಓದಿ, ಬಸ್ಸಿನಲ್ಲಿ ಪಕ್ಕದಲ್ಲಿ ಕೂತು ಉತ್ತರ ಹೇಳಿದಳು.

‘ನಿಮಗೆ ಈಗ ನನಗಿಂತ ಚೆನ್ನಾಗಿ ಕಾಣುತ್ತೆ ಅಂತ ಗೊತ್ತು ಅತ್ತಿಗೆ. ಕಾಣದೇ ಇದ್ದ ದಿನ ಬಂದು ಹೇಳ್ತೀರಾ ಅನ್ನೋದು ನಂಗೊತ್ತಿಲ್ಲ.’

‘ನಾನೇ ಹೋಗಿ ಹೇಳಿದ್ದೆನಲ್ಲೇ.’

‘ಹೇಳಿದ್ರಿ. ನನ್ನನ್ನ ಎರಡು ದಿನ ಕಳ್ಳಿ ಥರ ನಿಲ್ಲಿಸಿ ಆಮೇಲೆ ಹೇಳಿದ್ರಿ.’

ಅತ್ತಿಗೆ ಅರ್ಜಿಯ ಕಾಗದ ವಾಪಸು ತೆಗೆದುಕೊಂಡು ಚೀಲದಲ್ಲಿ ಹಾಕಿಕೊಂಡರು. ಅವಳ ಜಾಗದಲ್ಲಿ ತಾವಿದ್ದರೂ ಸಹಿ ಹಾಕುತ್ತಿರಲಿಲ್ಲ ಎಂದು ನನಗೆ ಹೇಳಿದರು. ಮೂರನೆಯ ಅರ್ಜಿ ಬರೆಯಲಿಲ್ಲ.