ಅಂಕಿಯಕ್ಕ ತಡೆದ ಪುಟ

ಸಂಜೆ ಪತ್ರಿಕೆಯ ಆ ಕಚೇರಿಯಲ್ಲಿ ಸಂಪಾದಕರಿಗೆ ಹೆದರದವರೂ ಕರಡು ತಿದ್ದುವ ಹೆಂಗಸಿಗೆ ಹೆದರುತ್ತಿದ್ದರು. ಎಲ್ಲರ ಬಾಯಲ್ಲೂ ಅವಳು ಅಂಕಿಯಕ್ಕ. ಅಕ್ಷರ ತಪ್ಪಿದರೆ ಕೂತಲ್ಲೇ ತಿದ್ದಿಬಿಡುತ್ತಿದ್ದಳು. ಅಂಕಿ ತಪ್ಪಿದರೆ ಮಾತ್ರ ಎದ್ದು, ಬರೆದವರ ಮೇಜಿನ ತನಕ ನಡೆದು ಬರುತ್ತಿದ್ದಳು. ಆ ಚಪ್ಪಲಿಯ ಸದ್ದು ಕೇಳಿದರೆ ನೆರೆತ ತಲೆಯ ವರದಿಗಾರರೂ ಏನೋ ಹುಡುಕುವವರಂತೆ ಮೇಜಿನ ಖಾನೆಗೆ ಕೈ ಹಾಕುತ್ತಿದ್ದರು.

ಅವಳ ಕಟ್ಟಳೆಗಳು ಎಲ್ಲರಿಗೂ ಬಾಯಿಪಾಠ. ಒಂದರಿಂದ ಒಂಬತ್ತರವರೆಗೆ ಅಕ್ಷರದಲ್ಲಿ, ಅಲ್ಲಿಂದ ಮೇಲೆ ಅಂಕಿಯಲ್ಲಿ. ವಯಸ್ಸು, ದಿನಾಂಕ, ಶೇಕಡಾವಾರು ಎಷ್ಟೇ ಚಿಕ್ಕದಿದ್ದರೂ ಅಂಕಿಯಲ್ಲೇ. ವಾಕ್ಯ ಅಂಕಿಯಿಂದ ಶುರುವಾಗಕೂಡದು. '12 ಲಕ್ಷ' ಎಂದರೆ ಸಾಕು, ಸೊನ್ನೆಗಳನ್ನು ಸಾಲಾಗಿ ನಿಲ್ಲಿಸಿ ಓದುಗನ ಕಣ್ಣು ತಿರುಗಿಸಬೇಡಿ. ಮೇಜು ಕುರ್ಚಿ ನಾಲ್ಕು, ಆದರೆ ಮನುಷ್ಯರು ನಾಲ್ವರು. 'ಸುಮಾರು 213 ಮಂದಿ' ಎಂದು ಬರೆದವನೊಬ್ಬನಿಗೆ ಅವಳು ಕೇಳಿದ್ದು ಇಷ್ಟೇ: "ಎಣಿಸಿದ್ಯೋ, ಊಹಿಸಿದ್ಯೋ?" ಅವನು ಮುಂದಿನ ತಿಂಗಳು ಸಿನಿಮಾ ಪುಟಕ್ಕೆ ವರ್ಗ ಮಾಡಿಸಿಕೊಂಡ.

ಹತ್ತಾರು, ನೂರಾರು ಎಂಬ ಮಾತುಗಳೆಂದರೆ ಅವಳಿಗೆ ಮೈ ಉರಿ. ನಮ್ಮ ನುಡಿಯೇ ನಾಲ್ಕೈದು, ಏಳೆಂಟು ಎಂದು ಉದಾರವಾಗಿ ಎಣಿಸುವಂಥದ್ದು, ಅದಕ್ಕೆ ಅವಳೇನು ಮಾಡಿಯಾಳು? ಮನೆಯಲ್ಲಿ ದರ್ಜಿ ಗಂಡ "ಒಂದೆರಡು ನಿಮಿಷದಲ್ಲಿ ಬಂದೆ" ಎಂದರೆ "ಒಂದೋ, ಎರಡೋ?" ಎನ್ನುತ್ತಿದ್ದಳಂತೆ. ಇಂಚಿಗೆ ಎಂಟು ಭಾಗ ಮಾಡಿ ಅಳೆಯುವ ಆ ಮನುಷ್ಯನೇ ಅವಳ ಮುಂದೆ ಸೋತು ಸುಮ್ಮನಾಗಿದ್ದ.

ಎದುರು ಮೇಜಿನ ಉಪಸಂಪಾದಕನಿಗೆ ಇದೆಲ್ಲ ಅತಿ ಎನಿಸುತ್ತಿತ್ತು. ಅವನು ಇಬ್ಬರು ಮಕ್ಕಳ ತಂದೆ, ಕೈ ಚುರುಕು, ನಾಲಗೆ ಇನ್ನೂ ಚುರುಕು. "ಅಕ್ಕ ಸ್ವರ್ಗಕ್ಕೆ ಹೋದ್ರೂ ಬಾಗಿಲಲ್ಲೇ ನಿಂತು ಮೆಟ್ಲು ಎಣಿಸ್ತಾಳೆ" ಎಂದು ನಗಿಸುತ್ತಿದ್ದ.

ಆ ದಿನ ಬೆಳಿಗ್ಗೆ ಆರಕ್ಕೆ ಊರಾಚೆಯ ಗೋದಾಮಿನ ಚಾವಣಿ ಕುಸಿಯಿತು. ಸ್ಥಳದಿಂದ ವರದಿಗಾರ ಕಳಿಸಿದ ಸುದ್ದಿಯಲ್ಲಿ ಮೂರು ಅಂಕಿಗಳಿದ್ದವು. ಒಳಗಿದ್ದವರು 23 ಎಂದು ಮೇಸ್ತ್ರಿಯ ಹಾಜರಿ ಪುಸ್ತಕ. ಸತ್ತವರು ನಾಲ್ವರು ಎಂದು ಪೊಲೀಸರು. ಗಾಯಾಳುಗಳು 18 ಎಂದು ಆಸ್ಪತ್ರೆ. ಹುಡುಕಾಟ ಮುಗಿದಿದೆ, 12 ಗಂಟೆಗೆ ಯಂತ್ರಗಳು ಬಂದು ಅವಶೇಷ ಎತ್ತಲಿವೆ ಎಂಬುದು ಕೊನೆಯ ಸಾಲು.

ಉಪಸಂಪಾದಕ ಕೂಡಿಸಿದ. ಕೂಡಿದ್ದು 22. ಗಡಿಯಾರ ನೋಡಿದ, 11 ಆಗಿತ್ತು. ಪುಟ ಮುದ್ರಣಕ್ಕೆ ಹೋಗಲು ಇನ್ನು ಅರ್ಧ ಗಂಟೆ. ಆಗ ಅವನು ಅವಸರದಲ್ಲಿರುವ ಪತ್ರಕರ್ತರು ಮಾಡುವ ಕೆಲಸವನ್ನೇ ಮಾಡಿದ. ಮೂರು ಅಂಕಿ ತಾಳೆಯಾಗದಿದ್ದರೆ ಒಂದನ್ನು ತೆಗೆದುಬಿಡುವುದು. ಎರಡೇ ಉಳಿದರೆ ಓದುಗ ಏನನ್ನು ಯಾವುದರ ಜೊತೆ ತಾಳೆ ನೋಡಿಯಾನು? ಹಾಜರಿ ಪುಸ್ತಕದ ಸಾಲನ್ನು ಅಳಿಸಿ ಪುಟವನ್ನು ಕರಡು ತಿದ್ದಲು ಕಳಿಸಿದ. ಸುದ್ದಿ ನುಣ್ಣಗೆ ಓದಿಸಿಕೊಂಡು ಹೋಗುತ್ತಿತ್ತು.

ಆದರೆ ಅಂಕಿಯಕ್ಕನಿಗೊಂದು ಪದ್ಧತಿ ಇತ್ತು. ಅಚ್ಚಿನ ಪುಟದ ಪಕ್ಕದಲ್ಲಿ ವರದಿಗಾರನ ಮೂಲ ಪ್ರತಿ ಇಟ್ಟುಕೊಂಡು, ಮೊದಲು ಅಂಕಿಗಳನ್ನಷ್ಟೇ ಓದುತ್ತಿದ್ದಳು. ಐದು ನಿಮಿಷಕ್ಕೆ ಚಪ್ಪಲಿ ಸದ್ದಾಯಿತು. ಅವಳು ಅವನ ಮೇಜನ್ನು ದಾಟಿ ನೇರ ಸಂಪಾದಕರ ಮುಂದೆ ನಿಂತಳು.

"ಒಬ್ರು ಕಡಿಮೆ ಇದಾರೆ," ಎಂದಳು.

ಸಂಪಾದಕರು ಕನ್ನಡಕ ತೆಗೆದರು. "ಯಾರೋ ಹಾಜರಿ ಹಾಕಿ ಮನೆಗೆ ಹೋಗಿರ್ತಾರೆ ಬಿಡಮ್ಮ."

"ಹೋಗಿರ್ಬಹುದು. ಹಾಗಿದ್ರೆ ಮನೇಲಿದಾರೆ ಅಂತ ಗೊತ್ತಾಗ್ಲಿ."

"ಪುಟ ತಡ ಆಗುತ್ತೆ."

"ನನ್ನ ಸಹಿ ಇಲ್ದೆ ಕಳಿಸಿ. ನಾನು ಬೇಡ ಅನ್ನಲ್ಲ."

ಅವಳ ಸಹಿಯಿಲ್ಲದೆ ಪುಟ ಹೋದದ್ದೇ ಇರಲಿಲ್ಲ. ಸಂಪಾದಕರು ಫೋನನ್ನು ಅವಳ ಕಡೆ ಸರಿಸಿದರು.

ಅಂಕಿಯಕ್ಕ ವರದಿಗಾರನನ್ನು ಹಿಡಿದಳು. ಹಾಜರಿ ಪುಸ್ತಕದಲ್ಲಿದ್ದ ಹೆಸರುಗಳನ್ನು ಒಂದೊಂದಾಗಿ ಓದಿಸಿ ಬರೆದುಕೊಂಡಳು. ಆಮೇಲೆ ಆಸ್ಪತ್ರೆಯವರಿಂದ ಗಾಯಾಳುಗಳ ಹೆಸರು, ಪೊಲೀಸರಿಂದ ಸತ್ತವರ ಹೆಸರು. ಒಂದೊಂದಕ್ಕೂ ಪೆನ್ಸಿಲಿನಲ್ಲಿ ಗೀಟು ಹಾಕುತ್ತ ಬಂದಳು. ಉಪಸಂಪಾದಕ ಅವಳ ಹೆಗಲ ಹಿಂದೆ ನಿಂತಿದ್ದ. ಗೀಟು ಬೀಳದೆ ಉಳಿದದ್ದು ಒಂದೇ ಹೆಸರು, ಚೀಲ ಹೊಲಿಯುವ ಹೆಂಗಸಿನದು. ಮೇಸ್ತ್ರಿ ಅವಳ ಮನೆಗೆ ಫೋನ್ ಮಾಡಿದ. ಅಮ್ಮ ಇನ್ನೂ ಬಂದಿಲ್ಲ ಎಂದಳಂತೆ ಮಗಳು.

ಅಗ್ನಿಶಾಮಕ ಅಧಿಕಾರಿಗೆ ಅಂಕಿಯಕ್ಕ ಎರಡೇ ಮಾತು ಹೇಳಿದಳು. "ಇಪ್ಪತ್ಮೂರು ಜನದಲ್ಲಿ ಇಪ್ಪತ್ತೆರಡು ಹೆಸರು ಸಿಕ್ತು ಸ್ವಾಮಿ. ಯಂತ್ರ ನಿಲ್ಸಿ."

ಆಗ 11.40. ಮುದ್ರಣದವರು ಎರಡು ಸಲ ಕರೆ ಮಾಡಿದರು, ಸಂಪಾದಕರು ಎರಡು ಸಲವೂ ಇಟ್ಟುಬಿಟ್ಟರು. ಯಾರೂ ಕೂರಲಿಲ್ಲ. ತಾನು ಒಂದು ಗುಂಡಿ ಒತ್ತಿ ಅಳಿಸಿದ್ದು ಒಬ್ಬ ತಾಯಿಯನ್ನು ಎಂಬುದು ಉಪಸಂಪಾದಕನ ಎದೆಗೆ ಈಗ ಇಳಿಯುತ್ತಿತ್ತು.

ಒಂದಕ್ಕೆ ಹತ್ತು ನಿಮಿಷವಿದ್ದಾಗ ವರದಿಗಾರ ಕರೆ ಮಾಡಿದ. ಮೆಟ್ಟಿಲ ಕೆಳಗೆ ಚೀಲಗಳ ರಾಶಿಯ ಸಂದಿಯಲ್ಲಿ ಇದ್ದಳು. ಕಾಲು ಮುರಿದಿದೆ. ಮಾತಾಡುತ್ತಿದ್ದಾಳೆ. ಯಂತ್ರ ನಿಲ್ಲಬೇಕಿದ್ದ ಜಾಗ ಅದೇ.

ಸಂಪಾದಕರು ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡರು. ಕೂಡುವುದು ಮೂರನೇ ತರಗತಿಯ ಮಕ್ಕಳಿಗೂ ಬರುತ್ತದೆ. ಆ ಮೂರನೇ ತರಗತಿಯ ಲೆಕ್ಕವೇ ಮೈಲುಗಟ್ಟಲೆ ದೂರದ ಮಣ್ಣಿನಡಿಯಿಂದ ಒಂದು ಜೀವವನ್ನು ಎತ್ತಿ ತಂದಿತ್ತು. ಉಪಸಂಪಾದಕ ಅಂಕಿಯಕ್ಕನನ್ನು, ಅವಳ ಮೊಂಡು ಪೆನ್ಸಿಲನ್ನು, ಬೆವರಿದ ಹಣೆಯನ್ನು ಮೊದಲ ಸಲ ನೋಡುವವನಂತೆ ನೋಡಿದ. ಕಾಲಿಗೆ ಬೀಳೋಣ ಎನಿಸಿತು. ಅವಳು ಬೈಯುತ್ತಾಳೆಂದು ಬೀಳಲಿಲ್ಲ.

ಪುಟ ಹೋದ ಮೇಲೆ ಅವಳ ಮೇಜಿನ ಬಳಿ ಹೋದ. "ಆ ಸಾಲು ಅಳಿಸಿದ್ದು ನಾನೇ ಅಕ್ಕ. ಕೂಡಿ ಬರಲ್ಲ ಅಂತ ಗೊತ್ತಿದ್ದೇ ಅಳಿಸ್ದೆ."

"ಗೊತ್ತು."

"ನೀವು ಸಂಪಾದಕರಿಗೆ ಹೇಳ್ಲಿಲ್ಲ. ಒಂದು ಮಾತು ಬೈಯಲೂ ಇಲ್ಲ."

ಅವಳು ಲೋಟ ಎತ್ತಿ ನೀರು ಕುಡಿದಳು.

"ಯಾವ ಬಾಯಲ್ಲಿ ಬೈಯ್ಲಿ? ಕೆಲಸಕ್ಕೆ ಸೇರಿದ ಮೂರನೇ ವರ್ಷ ಒಂದು ದೋಣಿ ಮಗುಚಿತ್ತು. ಹತ್ತಿದೋರು ಹನ್ನೊಂದು, ಸಿಕ್ಕೋರು ಹತ್ತು. ಪುಟಕ್ಕೆ ಹೊತ್ತಾಗಿತ್ತು, ಹನ್ನೊಂದನ್ನ ಹೊಡೆದುಹಾಕ್ದೆ. ಯಾರೂ ಕೇಳ್ಲಿಲ್ಲ. ಆ ಹನ್ನೊಂದನೆಯೋರು ಗಂಡೋ ಹೆಣ್ಣೋ ಅಂತಾನೂ ನಂಗೆ ಇವತ್ತಿಗೂ ಗೊತ್ತಿಲ್ಲ ಕಣಪ್ಪ."