ಅಪ್ಪ ಕಾದ ಎರಡನೇ ಕರೆ

ನಿಮಗೊಂದು ಪ್ರಶ್ನೆ ಕೇಳುತ್ತೇನೆ, ಸಿಟ್ಟಾಗಬಾರದು. ಇವತ್ತು ಬೆಳಿಗ್ಗೆ ಚಹಾ ಕುಡಿದಿರಲ್ಲ, ಅದನ್ನು ನೀವೇ ಬೇಕೆಂದು ಕುಡಿದಿರೋ, ಇಲ್ಲ ಭೂಮಿ ಆಕಾಶ ಹುಟ್ಟುವ ಮುಂಚೆಯೇ ಆ ಲೋಟದ ಮೇಲೆ ನಿಮ್ಮ ಹೆಸರು ಕೊರೆದಿತ್ತೋ? ಅವಸರಪಟ್ಟು ಉತ್ತರ ಹೇಳಬೇಡಿ. ನಾನು ಸಣ್ಣ ಹುಡುಗಿಯಾಗಿದ್ದಾಗಿನಿಂದ ಇದನ್ನೇ ಯೋಚಿಸುತ್ತಿದ್ದೇನೆ, ಈಗ ನನ್ನ ಮೊಮ್ಮಗಳೇ ಮದುವೆಗೆ ಬಂದಿದ್ದಾಳೆ. ಉತ್ತರ ಸಿಕ್ಕಿಲ್ಲ. ಚಹಾ ಮಾತ್ರ ಬಿಟ್ಟಿಲ್ಲ.

ಈ ಯೋಚನೆ ಮತ್ತೆ ತಲೆಗೆ ಹತ್ತಿದ್ದು ಫೋನಿನ ದೆಸೆಯಿಂದ. ಮೊಮ್ಮಗಳು ಟೈಪ್ ಮಾಡುವುದನ್ನು ಕಲಿಸಿಕೊಟ್ಟಿದ್ದಾಳೆ. ನಾನು ‘ದೇ’ ಅಂತ ಒತ್ತುವುದೇ ತಡ, ಮೇಲೆ ಮೂರು ಮಾತು ಬಂದು ಸಾಲಾಗಿ ಕೂಡುತ್ತವೆ: ದೇವರು, ದೇಶ, ದೇಹ. ನಾನು ಬರೆಯಬೇಕೆಂದಿದ್ದದ್ದು ದೇವರು ಅಂತಲೇ. ಆದರೆ ನಾನು ಹೇಳುವ ಮೊದಲೇ ಅದು ಬಂದು ಕೂತದ್ದು ನೋಡಿ ಮೈ ಉರಿಯಿತು. ಹಟಕ್ಕೆ ದೇಹ ಒತ್ತಿದೆ. ಆಮೇಲೆ ಶುರುವಾಯಿತು ಅನುಮಾನ. ಈ ಮುದುಕಿ ಹಟಕ್ಕೆ ಬೀಳುತ್ತಾಳೆ ಅಂತ ಗೊತ್ತಿದ್ದೇ ಅದು ದೇಹವನ್ನೂ ಪಕ್ಕದಲ್ಲಿ ಇಟ್ಟಿತ್ತೇ? ಮೊಮ್ಮಗಳನ್ನು ಕೇಳಿದೆ. “ಅಜ್ಜಿ, ನೀ ಸುಮ್ನ ಟೈಪ್ ಮಾಡು. ಫೋನ್ ಕೂಡ ಜಗಳ ತಗೀಬ್ಯಾಡ” ಅಂದಳು.

ಅವಳಿಗೇನು ಗೊತ್ತು. ಇದೇ ಜಗಳವನ್ನು ಇಬ್ಬರು ದೊಡ್ಡ ಗಂಡಸರು ವರ್ಷಗಟ್ಟಲೆ ಆಡಿದ್ದನ್ನು ನಾನು ಕಂಡಿದ್ದೇನೆ. ಆ ಜಗಳದ ನಡುವೆ, ಕಟ್ಟೆಯ ಮೇಲೆ, ಬೀಡಿ ಸೇದುತ್ತ ಕೂತಿದ್ದವನು ನಮ್ಮಪ್ಪ.

ಆಗ ನಮ್ಮ ಹೊಸಪೇಟೆ ಮದರಾಸಿಗೆ ಸೇರಿತ್ತು. ತುಂಗಭದ್ರೆಗೆ ಡ್ಯಾಮು ಇರಲಿಲ್ಲ. ಎಲ್ಲೋ ದೂರದಲ್ಲಿ ದೊಡ್ಡ ಯುದ್ಧ ನಡೆದಿತ್ತಂತೆ. ನಮಗದು ತಿಳಿಯುತ್ತಿದ್ದದ್ದು ಅಂಗಡಿಯಲ್ಲಿ ಸೀಮೆಎಣ್ಣೆ ಇಲ್ಲವೆಂದಾಗ ಮಾತ್ರ. ಅಪ್ಪನದು ಎತ್ತಿನ ಬಂಡಿ. ಕಂಪ್ಲಿ ಕಡೆಯ ಗದ್ದೆಗಳಿಂದ ಗಾಣಕ್ಕೆ ಕಬ್ಬು ಹೇರುತ್ತಿದ್ದ. ಶೈವರ ಮನೆತನ, ಹಣೆಯ ಮೇಲೆ ವಿಭೂತಿ ಇಲ್ಲದೆ ಎತ್ತಿನ ಕೊರಳ ಹಗ್ಗವನ್ನೂ ಮುಟ್ಟುತ್ತಿರಲಿಲ್ಲ. ಅವ್ವ ಒಂದು ಸಲ ವಿಷಮಶೀತ ಜ್ವರದಲ್ಲಿ ಬಿದ್ದು, ಮಿಶನ್ ಆಸ್ಪತ್ರೆಯಲ್ಲಿ ಬದುಕಿ ಎದ್ದಳು. ಎದ್ದವಳೇ ಆ ನರ್ಸಮ್ಮಂದಿರ ದೇವರನ್ನು ಹಿಡಿದುಕೊಂಡಳು. ನನಗೂ ಅವ್ವನಿಗೂ ಒಂದೇ ದಿನ ದೀಕ್ಷಾಸ್ನಾನವಾಯಿತು. ನೆಂಟರು ಅಪ್ಪನನ್ನು ಕೆಣಕಿದರೆ ಅವನದು ಒಂದೇ ಮಾತು: “ಆಕಿ ಬದುಕಿ ಬಂದಾಳಲ್ಲ. ಆಕಿ ಹೇಳಿದ ದೇವರ ಕಡಿಗೆ ಬಂಡಿ ಹೂಡತೀನಿ. ನಿಮ್ಮದೇನು ಹೋಗತೈತಿ?”

ಹಾಗೇ ಹೂಡಿದ. ಪ್ರತಿ ಭಾನುವಾರ ನಮ್ಮನ್ನು ಊರ ಹೊರಗಿನ ಚರ್ಚಿಗೆ ಕರೆತಂದು, ಬೇವಿನ ಮರಕ್ಕೆ ಎತ್ತು ಕಟ್ಟಿ, ಕಿಟಕಿಯ ಕೆಳಗಿನ ಕಟ್ಟೆಯ ಮೇಲೆ ಕೂಡುತ್ತಿದ್ದ. ಒಳಗೆ ಬಾ ಅಂದರೆ ಬರುವುದಿಲ್ಲ. ಮನೆಗೆ ಹೋಗು ಅಂದರೆ ಹೋಗುವುದಿಲ್ಲ. ಹಾಡು ಮುಗಿಯುವಲ್ಲಿ ಹೊರಗಿನಿಂದ ಒಂದು ದಪ್ಪ ದನಿ ಕೊನೆಯ ಸಾಲನ್ನು ಎಳೆಯುತ್ತಿತ್ತು. ಅದು ಯಾರದೆಂದು ಎಲ್ಲರಿಗೂ ಗೊತ್ತು. ಯಾರೂ ತಿರುಗಿ ನೋಡುತ್ತಿರಲಿಲ್ಲ.

ಅವ್ವನಿಗೆ ಒಂದೇ ಕೊರಗು. “ಸತ್ತ ಮ್ಯಾಲೆ ನೀ ಎಲ್ಲಿ, ನಾ ಎಲ್ಲಿ?” ಅನ್ನುವಳು. “ಬಂಡಿ ಎಲ್ಲಿತನ ಹೋಗತೈತಿ ಅಲ್ಲಿತನ ಬರತೀನಿ ಬಿಡ” ಅನ್ನುವನು ಅಪ್ಪ. “ಅಲ್ಲಿಗೆ ಬಂಡಿ ಹೋಗಂಗಿಲ್ಲ” ಅನ್ನುವಳು ಅವ್ವ. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಳ್ಳುವಳು. ಹೊಗೆಯಿಂದ ಅಂತ ನನಗೆ ಹೇಳುತ್ತಿದ್ದಳು. ಒಲೆ ಆರಿರುತ್ತಿತ್ತು.

ಈಗ ಆ ಇಬ್ಬರು ಗಂಡಸರ ವಿಷಯ. ನಮ್ಮ ಚರ್ಚಿಗೆ ಸ್ವಂತ ಪಾದ್ರಿ ಇರಲಿಲ್ಲ. ಒಂದು ಭಾನುವಾರ ಉಪದೇಶಿ ದೇವಪುತ್ರಪ್ಪನವರು ಬೈಬಲ್ ಬಿಡಿಸಿ ಹೇಳುವ ಪ್ರಸಂಗ ಮಾಡುವರು, ಮುಂದಿನ ಭಾನುವಾರ ಮಿಶನ್ ಶಾಲೆಯ ಸಮುವೇಲ ಮೇಷ್ಟ್ರು. ಉಪದೇಶಿಗಳು ಸಂಡೂರಿನವರು. ಅವರ ಪ್ರಕಾರ, ಯಾರು ಒಳಗೆ, ಯಾರು ಹೊರಗೆ ಅಂತ ದೇವರು ಲೋಕಕ್ಕೆ ಬುನಾದಿ ಹಾಕುವ ಮೊದಲೇ ಆರಿಸಿಬಿಟ್ಟಿದ್ದಾನೆ; ನಮ್ಮ ಕೈಯಲ್ಲಿ ಏನೂ ಇಲ್ಲ, ನಂಬುವ ಮನಸ್ಸು ಕೂಡ ಅವನೇ ಕೊಟ್ಟರೆ ಉಂಟು. ಮೇಷ್ಟ್ರು ಕಂಪ್ಲಿಯವರು. ಅವರ ಪ್ರಕಾರ, ದೇವರು ಎಲ್ಲರ ಬಾಗಿಲಿಗೂ ಬಂದು ನಿಂತಿದ್ದಾನೆ. ಚಿಲಕ ಒಳಗಡೆ ಇದೆ, ತೆಗೆಯುವುದು ಬಿಡುವುದು ನಮಗೆ ಸೇರಿದ್ದು.

ದೊಡ್ಡವಳಾದ ಮೇಲೆ ನನಗೊಂದು ತರಲೆ ಯೋಚನೆ ಬಂತು. ಸಂಡೂರಿನಲ್ಲಿ ಆಗ ರಾಜರ ಆಳ್ವಿಕೆ. ಅಲ್ಲಿಯವರಿಗೆ ಮೇಲಿನವರು ಒಬ್ಬರು ಕೂತು ಎಲ್ಲ ತೀರ್ಮಾನ ಮಾಡುವುದು ರೂಢಿ. ಕಂಪ್ಲಿಯಲ್ಲಿ ಕಾಲುವೆ ನೀರು. ಎಲ್ಲರ ಗದ್ದೆಯ ಪಕ್ಕಕ್ಕೂ ನೀರು ಬರುತ್ತದೆ, ಗುದ್ದಲಿ ಹಿಡಿದು ಬದು ಒಡೆದುಕೊಂಡವನಿಗೆ ಉಂಟು, ಮಲಗಿದವನಿಗೆ ಇಲ್ಲ. ಆ ಇಬ್ಬರನ್ನು ತೊಟ್ಟಿಲಲ್ಲಿ ಅದಲು ಬದಲು ಮಾಡಿದ್ದರೆ ಪ್ರಸಂಗಗಳೂ ಅದಲು ಬದಲಾಗುತ್ತಿದ್ದವೇನೋ. ಹಾಗಾದರೆ ಅವರ ನಂಬಿಕೆಯನ್ನು ಅವರೇ ಆರಿಸಿಕೊಂಡರೋ, ಅಥವಾ... ನೋಡಿ, ಮತ್ತೆ ಸಿಕ್ಕಿಕೊಂಡೆ.

ಈ ವಾದ ನಮ್ಮ ಅಡಿಗೆಮನೆಗೂ ಬಂತು. ಉಪದೇಶಿಗಳ ಪ್ರಸಂಗವಿದ್ದ ಭಾನುವಾರ ಅವ್ವನಿಗೆ ಅಪ್ಪನ ಮೇಲೆ ಕನಿಕರ. ಪಾಪ, ದೇವರೇ ಆರಿಸದಿದ್ದರೆ ಅವನು ತಾನೇ ಏನು ಮಾಡಿಯಾನು? ರೊಟ್ಟಿಗೆ ಎರಡು ಚಮಚ ತುಪ್ಪ ಬೀಳುತ್ತಿತ್ತು. ಮೇಷ್ಟ್ರ ಪ್ರಸಂಗವಿದ್ದ ಭಾನುವಾರ ಸಿಟ್ಟು. ಚಿಲಕ ಒಳಗಿದೆಯಂತೆ, ಈ ಮನುಷ್ಯ ಕೈ ಎತ್ತುವುದಿಲ್ಲವಲ್ಲ. ಅವತ್ತು ಒಣರೊಟ್ಟಿ, ನೀರು ಸಾರು. ಅಪ್ಪ ತಟ್ಟೆ ನೋಡಿ ನನಗೆ ಕಣ್ಣು ಮಿಟುಕಿಸಿ, “ಉಪದೇಶಿ ಹೇಳೋದ ಛಲೋ ಐತಿ ನೋಡವಾ, ಭಾಳ ಜಿಡ್ಡಿನ ಮಾತು” ಅನ್ನುವನು.

ಒಮ್ಮೆ ನಾನೇ ಕೇಳಿದೆ, ಯಾಕೆ ಒಳಗೆ ಬರುವುದಿಲ್ಲ ಅಂತ. ಅಪ್ಪ ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡು, ದೊಡ್ಡವರಿಗೆ ಹೇಳುವ ಹಾಗೆ ಹೇಳಿದ: “ನನಗ ಎರಡನೇ ಕರಿ ಬಂದಿಲ್ಲ.”

ಇದು ಗೊತ್ತಾಗಬೇಕಾದರೆ ನಮ್ಮ ಕಡೆಯ ಊಟದ ರೀತಿ ಗೊತ್ತಿರಬೇಕು. ಮದುವೆಯೋ ನಾಮಕರಣವೋ ಇದ್ದರೆ ಕೆಲವು ದಿನ ಮುಂಚೆ ಮನೆಯವರು ಬಂದು ಅಕ್ಷತೆ ಕೊಟ್ಟು ಹೇಳಿ ಹೋಗುತ್ತಾರೆ. ಅದು ಮೊದಲ ಕರೆ. ಅಷ್ಟಕ್ಕೇ ಎದ್ದು ಹೋಗುವವನು ಹೊಟ್ಟೆಬಾಕ. ಊಟದ ದಿನ ಎಲೆ ಹಾಕಿದ ಮೇಲೆ ಮನೆಯವರು ಸಣ್ಣ ಹುಡುಗರನ್ನು ಮತ್ತೆ ಮನೆಮನೆಗೆ ಓಡಿಸುತ್ತಾರೆ: “ಎಲಿ ಹಾಕ್ಯಾರ, ಏಳಬೇಕಂತ್ರಿ.” ಆಗ ಮಾತ್ರ ಮರ್ಯಾದಸ್ಥರು ಏಳುವುದು. ಅಲ್ಲಿಯವರೆಗೆ ಹೋಳಿಗೆಯ ವಾಸನೆ ಮೂಗಿಗೆ ಬಡಿದರೂ ಕಟ್ಟೆಯ ಮೇಲೆ ಕೂತು ಮಳೆ ಬೆಳೆಯ ಮಾತಾಡಬೇಕು. ಎಷ್ಟೋ ಮನೆಗಳ ಎರಡನೇ ಕರೆಗೆ ನಾನೇ ಓಡಿದ್ದೇನೆ.

ಅಪ್ಪನ ಈ ಮಾತು ಇಬ್ಬರು ಪ್ರಸಂಗದವರಿಗೂ ತಲುಪಿತು. ಉಪದೇಶಿಗಳಿಗೆ ಭಾರಿ ಸಂತೋಷ. “ಬರೋಬರಿ ಹೇಳ್ಯಾನ. ಮೊದಲನೇ ಕರಿ ಊರಿಗೆಲ್ಲ. ಎರಡನೇದು ಆರಿಸಿದವರಿಗೆ, ಅವರ ಎದಿಯೊಳಗ ದೇವರು ತಾನ ಕರೀತಾನ. ಅದು ಬಂತಂದ್ರ ಯಾರೂ ಕುಂದ್ರಾಕ ಆಗಂಗಿಲ್ಲ. ನಾವು ನಡುವ ಬಾಯಿ ಹಾಕಬಾರದು” ಅಂದರು. ಮೇಷ್ಟ್ರು ತಲೆ ಕೊಡವಿದರು. “ಎಲ್ಲೀ ಎರಡನೇದು? ಒಂದ ಕರಿ, ಎಲ್ಲಾರಿಗೂ ಅದ. ಆತಗ ಕರದಾಗೈತಿ. ಇನ್ನ ಏಳೋದು ಆತಗ ಬಿಟ್ಟದ್ದು. ನಾವ್ಯಾಕ ಕಾಲು ಹಿಡೀಬೇಕು?”

ಇದರಲ್ಲಿ ತಮಾಷೆ ಏನು ಅಂತ ನಿಮಗೆ ತಿಳಿಯಿತಲ್ಲ? ಇಬ್ಬರ ಸಿದ್ಧಾಂತವೂ ಬೇರೆ ಬೇರೆ. ಆದರೆ ಇಬ್ಬರಲ್ಲಿ ಒಬ್ಬರೂ ಎದ್ದು ಹೊರಗೆ ಬಂದು ಕರೆಯಲಿಲ್ಲ. ಅಪ್ಪ ಕಟ್ಟೆಯ ಮೇಲೇ ಉಳಿದ.

ಬಳ್ಳಾರಿಯಿಂದ ಬಿಳಿಯ ಪಾದ್ರಿ ದೊರೆ ಬಂದಾಗ ಅವ್ವ ಧೈರ್ಯ ಮಾಡಿ ಅವನನ್ನೇ ಕೇಳಿದಳು, ಇಬ್ಬರಲ್ಲಿ ಯಾರದು ಸರಿ ಅಂತ. ದೊರೆ ಬಹಳ ಹೊತ್ತು ಟೋಪಿ ತಿರುಗಿಸಿ ನೋಡಿ, ತನ್ನ ಮುರುಕು ಕನ್ನಡದಲ್ಲಿ ಎರಡೂ ಸರಿ ಅಂದ. ಆಮೇಲೆ ಒಂದು ಲೋಟ ನೀರು ಕುಡಿದು ಹೋದ. ಆ ವಾರ ಅವ್ವ ರೊಟ್ಟಿಗೆ ಒಂದು ಚಮಚ ತುಪ್ಪ ಹಾಕಿದಳು.

ಒಂದು ಸಲ ಅಪ್ಪ ನನ್ನನ್ನು ಬಂಡಿಯಲ್ಲಿ ಹಂಪಿಗೆ ಕರೆದುಕೊಂಡು ಹೋಗಿದ್ದ. ಅಲ್ಲಿಯ ದೊಡ್ಡ ಬಂಡೆಗಳ ಮೈಮೇಲೆ ಸಾಲಾಗಿ ಚೌಕಚೌಕ ತೂತುಗಳಿರುವುದನ್ನು ನೀವು ಕಂಡಿರಬಹುದು. ಕಲ್ಲು ಸೀಳುವುದಕ್ಕೆ ಬೆಣೆ ಹೊಡೆಯಲು ಮಾಡಿಟ್ಟದ್ದು. ಕೆಲವು ಬಂಡೆಗಳಿಗೆ ತೂತು ಮಾತ್ರ ಬಿದ್ದು, ಆಮೇಲೆ ಯಾರೂ ಬೆಣೆ ಹೊಡೆಯಲೇ ಇಲ್ಲ. ಕಂಬವೂ ಆಗಲಿಲ್ಲ, ಬರಿಯ ಬಂಡೆಯಾಗಿಯೂ ಉಳಿಯಲಿಲ್ಲ. ಅಪ್ಪ ಅಂಥದ್ದೊಂದರ ಮೇಲೆ ಕೈಯಾಡಿಸಿ, “ಇದನ್ನ ನೋಡವಾ. ಗುರುತು ಹಾಕಿ ಮರತ ಹೋಗ್ಯಾರ” ಅಂದು ನಕ್ಕ. ನಕ್ಕನಲ್ಲ ಅಂತ ನಾನೂ ನಕ್ಕೆ. ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಅವನು ಎತ್ತಿನ ಜೊತೆ ಕೂಡ ಮಾತಾಡಲಿಲ್ಲ. ಆಗ ನನಗೆ ನಗು ಮುಗಿಯಿತು. ಕೊರಗು ಅವ್ವನೊಬ್ಬಳದೇ ಅಲ್ಲ ಅಂತ ಅವತ್ತು ಗೊತ್ತಾಯಿತು.

ಇದಾದ ಮೇಲೆ ಬಂದ ಒಂದು ಭಾನುವಾರ ಉಪದೇಶಿಗಳ ಸರದಿ. ರಾಜನೊಬ್ಬ ಮಗನ ಮದುವೆಗೆ ಊರವರನ್ನು ಕರೆದ ಕಥೆ ಹೇಳುತ್ತಿದ್ದರು. ಊಟ ಸಿದ್ಧವಾದ ಮೇಲೆ, ಮೊದಲೇ ಕರೆಸಿಕೊಂಡಿದ್ದವರ ಮನೆಗಳಿಗೆ ಆ ರಾಜ ಮತ್ತೆ ಆಳುಗಳನ್ನು ಕಳಿಸಿದನಂತೆ. ನಾನು ಹೆಂಗಸರ ಕಡೆ ಚಾಪೆಯ ಮೇಲೆ ಕೂತು ಕಾಲ್ಬೆರಳು ಎಣಿಸುತ್ತಿದ್ದವಳು ತಲೆ ಎತ್ತಿದೆ. ಅರೆ, ಇದು ಎರಡನೇ ಕರೆ. ಇದು ನನ್ನ ಕೆಲಸ.

ಎದ್ದು ಹೊರಗೆ ಹೋದೆ. ಅವ್ವ ಲಂಗ ಹಿಡಿದು ಎಳೆಯುವಷ್ಟರಲ್ಲಿ ಬಾಗಿಲು ದಾಟಿದ್ದೆ. ಅಪ್ಪನ ಎದುರು ನಿಂತು, ಮದುವೆ ಊಟಕ್ಕೆ ಕರೆಯುವಾಗ ಹೇಳುವ ಹಾಗೇ ಹೇಳಿದೆ: “ಎಲಿ ಹಾಕ್ಯಾರ, ಏಳಬೇಕಂತ.”

ಅಪ್ಪ ನನ್ನನ್ನೇ ನೋಡಿದ. “ಯಾರು ಕಳಿಸ್ಯಾರ?”

ಯಾರೂ ಕಳಿಸಿರಲಿಲ್ಲ. ಆದರೆ ಎಲ್ಲ ಮನೆಗಳಲ್ಲೂ ಇದೇ ಪ್ರಶ್ನೆ, ನನ್ನದು ಇದೇ ಉತ್ತರ, ಬಾಯಿಗೆ ತಾನಾಗಿ ಬಂತು. “ಮನಿಯವರು.”

ಅಪ್ಪ ರುಮಾಲು ಬಿಚ್ಚಿ ಕೊಡವಿ ಮತ್ತೆ ಸುತ್ತಿಕೊಂಡ. ಧೋತರದ ಧೂಳು ಝಾಡಿಸಿದ. ಕಿವಿಯಿಂದ ಬೀಡಿ ತೆಗೆದು ಕಟ್ಟೆಯ ಮೇಲಿಟ್ಟ. ಎದ್ದು, ತುಸು ಕುಂಟುತ್ತ, ನನ್ನ ಹಿಂದೆ ಒಳಗೆ ಬಂದ. ಗಂಡಸರ ಕಡೆ ಬಾಗಿಲ ಪಕ್ಕದಲ್ಲಿ ಯಾವಾಗಲೂ ಒಂದು ಚಾಪೆ ಖಾಲಿ ಬಿದ್ದಿರುತ್ತಿತ್ತು, ಅದರ ಮೇಲೆ ಕೂತ. ಚರ್ಚು ಗುಡಿಸಿ ಚಾಪೆ ಹಾಸುವುದು ನಮ್ಮವ್ವನ ಪಾಲಿನ ಕೆಲಸ. ಮಂದಿ ಇಲ್ಲದ ಜಾಗಕ್ಕೆ ಚಾಪೆ ಯಾಕೆ ಅಂತ ಉಪದೇಶಿಗಳು ಎಷ್ಟೋ ಸಲ ಗೊಣಗಿದ್ದರು. “ಅಲ್ಲಿ ನೆಲ ಕಿತ್ತೈತ್ರಿ” ಅಂತ ಅವ್ವ ಹೇಳುತ್ತಿದ್ದಳು. ನೆಲ ಚೆನ್ನಾಗೇ ಇತ್ತು.

ಪ್ರಸಂಗ ನಿಂತೇಹೋಯಿತು. ಹಾಡು ಶುರುವಾದಾಗ ಆ ದಪ್ಪ ದನಿ ಒಳಗೇ ಎದ್ದು, ಎಲ್ಲರಿಗೂ ಶ್ರುತಿ ತಪ್ಪಿತು.

ಮುಗಿದ ಮೇಲೆ ಬೇವಿನ ಮರದ ಕೆಳಗೆ ಜಗಳವೋ ಜಗಳ. “ಕಂಡ್ರ್ಯಾ ಮೇಷ್ಟ್ರ, ಆರಿಸಿದಾತನ್ನ ಹೆಂಗ ಎಳಕೊಂಡು ಬಂದ” ಅಂದರು ಉಪದೇಶಿಗಳು. “ಎಳಕೊಂಡು ಎಲ್ಲಿ ಬಂದಾನ್ರಿ, ತನ್ನ ಕಾಲ ಮ್ಯಾಲೆ ತಾನ ನಡಕೊಂಡು ಬಂದಾನ” ಅಂದರು ಮೇಷ್ಟ್ರು. ಕೊನೆಗೆ ಅಪ್ಪನನ್ನೇ ಕೇಳಿದರು. ಅಪ್ಪ ಎತ್ತು ಬಿಚ್ಚುತ್ತ, “ಕಾಲು ಜೋಮು ಹಿಡಿದಿತ್ರಿ, ಎದ್ದೆ. ಅದಿರ್ಲಿ, ಎಲಿ ಹಾಕ್ಯಾರ ಅಂದ್ಲಲ್ಲ, ಊಟ ಎಲ್ಲಿ?” ಅಂದ.

ಊಟ ಮನೆಯಲ್ಲೇ ಆಯಿತು. ಅವತ್ತು ಎಷ್ಟು ತುಪ್ಪ ಹಾಕಬೇಕೆಂದು ತಿಳಿಯದೆ ಅವ್ವ ಡಬ್ಬಿಯನ್ನೇ ತಂದು ಅಪ್ಪನ ಮುಂದಿಟ್ಟು, ಗೋಡೆ ಕಡೆ ತಿರುಗಿ ಕೂತಳು. ಮುಂದೆ ಅಪ್ಪನಿಗೆ ದೀಕ್ಷಾಸ್ನಾನವಾಯಿತು. ಈಗ ಇಬ್ಬರೂ ಒಂದೇ ಬೇಲಿಯೊಳಗೆ, ಅಕ್ಕಪಕ್ಕ ಮಲಗಿದ್ದಾರೆ. ಅಲ್ಲಿಗೆ ಬಂಡಿ ಹೋಗುತ್ತದೋ ಇಲ್ಲವೋ, ಇಬ್ಬರೂ ಹೋಗಿ ಮುಟ್ಟಿರಬೇಕು.

ನನ್ನ ಗೊಂದಲ ಮಾತ್ರ ಹಾಗೇ ಇದೆ. ದೇವರು ಮೊದಲೇ ಆರಿಸಿದ್ದನೋ, ಅಪ್ಪ ತಾನೇ ಮನಸ್ಸು ಮಾಡಿದನೋ, ಬರಿಯ ಜೋಮು ಹಿಡಿದ ಕಾಲೋ. ಒಳಗೊಳಗೇ ನನಗೊಂದು ಜಂಬವೂ ಇತ್ತು. ಅಪ್ಪ ತೀರಿಕೊಂಡ ಮೇಲೆ, ಅವ್ವ ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಾಗ ಅದನ್ನು ಹೊರಗೆ ಹಾಕಿಬಿಟ್ಟೆ. “ಅವರಿಬ್ಬರೂ ಏನರ ಹೇಳ್ಕೊಳ್ಳಿ ಬೇ. ಅಪ್ಪನ್ನ ಒಳಗ ತಂದಾಕಿ ನಾನ ಅಲ್ಲೇನು?”

ಅವ್ವ ಒಂದು ಕಲ್ಲು ಹೆಕ್ಕಿ ಹೊರಗೆ ಎಸೆದು, ತಲೆ ಎತ್ತದೆ ಹೇಳಿದಳು: “ಮ್ಯಾಲಿನಾತ ಆರಿಸಿದ್ದ, ನಿಮ್ಮಪ್ಪ ಎದ್ದ, ನೀ ಕರದಿ. ಎಲ್ಲಾ ಖರೆ ಇರಬೌದವಾ. ಬಂದಾಂವಗ ಕುಂದ್ರಾಕ ಒಂದು ಚಾಪಿ ಬೇಕಿತ್ತಲ್ಲ, ಅದನ್ನ ವಾರವಾರ ಹಾಸಿದಾಕಿ ಯಾರು?”